ಒಂದೇ ತಾಲೂಕು, ಎರಡು ಸರ್ಕಾರಿ ಶಾಲೆ: ದುಡ್ಡು ಬೇರೆ ಬೇರೆ ದಾರಿ ಹಿಡಿಯೋದು ಎಲ್ಲಿ?

ಕಾಲುಸಂಕ (ಸಿದ್ದಾಪುರ ತಾಲೂಕು, ಉತ್ತರ ಕನ್ನಡ)

ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಪಾಲಕರಿರುವ ಶಾಲಾ ಸಮಿತಿ) ಇದ್ದೇನೆ. ಒಂದರಿಂದ ಐದನೇ ಕ್ಲಾಸು, ಮಕ್ಕಳು ಒಂಬತ್ತು. ಮೇ ತಿಂಗಳಲ್ಲಿ ಶಾಲೆಯ ಮಾಡು (ಸೂರು) ಹತ್ತಿ ನೋಡಿದರೆ ಮಂಗ ಕುಣಿದು ಹಂಚು ಒಡೆದದ್ದು ಒಂದು ಕಡೆ, ನೀರಿಳಿದು ಹಂಚಿನ ಕೆಳಗಿನ ರೀಪು ಕುಂಬಾದದ್ದು (ಕೊಳೆತದ್ದು) ಇನ್ನೊಂದು ಕಡೆ. ಮಾಡು ಹೊರುವ ಎರಡು ಪಕಾಸು ಬೆರಳಲ್ಲಿ ಒತ್ತಿದರೆ ಪುಡಿ. ಜೂನ್ ಮೊದಲ ವಾರ ಮಳೆ ಹಿಡಿದರೆ ಮಕ್ಕಳು ಕೂರೋದು ಎಲ್ಲಿ ಅಂತ ಮಾಸ್ತರಿಗೂ ನಮಗೂ ಅದೇ ಚಿಂತೆ.

ಶಾಲೆಗೆ ವರ್ಷಕ್ಕೆ ಬರುವ ಅನುದಾನ 10,000 ರೂಪಾಯಿ. ಅದರಲ್ಲಿ ನೂರಕ್ಕೆ ಹತ್ತು ಸ್ವಚ್ಛತೆಗೇ ಎತ್ತಿಡಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಜೆರಾಕ್ಸು, ಕಿಟಕಿ ಚಿಲಕ, ನೀರಿನ ಪೈಪು. ಬಡಗಿಯ ಒಂದು ದಿನದ ಕೂಲಿ ಎಷ್ಟು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಕೊನೆಗೆ ನಾಲ್ಕು ಮನೆಯವರು ಸೇರಿ ಹಂಚು ತಂದೆವು, ಮರ ಒಬ್ಬರ ಬೆಟ್ಟದ್ದು. (ಅರಣ್ಯ ಇಲಾಖೆಯವರು ಓದ್ತಾ ಇದ್ದರೆ: ಗಾಳಿಗೆ ಬಿದ್ದ ಮರ.)

ಅದೇ ವಾರ ತಾಲೂಕು ಕೇಂದ್ರದ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಹಳೆ ವಿದ್ಯಾರ್ಥಿಗಳು ಕೊಟ್ಟ ಪ್ರೊಜೆಕ್ಟರು, ಯಾವುದೋ ಟ್ರಸ್ಟಿನ ನೀರಿನ ಫಿಲ್ಟರು, ಗೋಡೆ ಮೇಲೆ ದಾನಿಗಳ ಹೆಸರಿನ ಕಲ್ಲು. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಎರಡೂ ಸರ್ಕಾರದ ಶಾಲೆ, ಎರಡಕ್ಕೂ ಒಂದೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು. ಯಾವ ಶಾಲೆಗೆ ಎಷ್ಟು ಅಂತ ಯಾರು, ಯಾವ ಲೆಕ್ಕದಲ್ಲಿ ತೀರ್ಮಾನ ಮಾಡ್ತಾರೆ? ತಿಳಿದವರು ಬಿಡಿಸಿ ಹೇಳಿ.

ಚಾಲಿಲೆಕ್ಕ (ಶಿರಸಿ)

ನಾನು ಲೆಕ್ಕಪತ್ರದ ಮನುಷ್ಯ, ಶಿಕ್ಷಣ ತಜ್ಞ ಅಲ್ಲ. ಬಿಡಿಸಿದರೆ ಹೀಗೆ ಕಾಣ್ತದೆ.

ದೊಡ್ಡ ಪಾಲು ಸಂಬಳ. ಅದು ರಾಜ್ಯದ ಖಜಾನೆಯಿಂದ ಬರ್ತದೆ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ, ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ. ಕೇಳಲಿಕ್ಕೆ ಭಾರೀ ಮೊತ್ತ. ಆದರೆ ಸಂಬಳ, ಪಿಂಚಣಿ ಕಳೆದ ಮೇಲೆ ಶಾಲೆಯ ಕೈಗೆ ಸಿಗುವ ಚಿಲ್ಲರೆ ಬಹಳ ಕಡಿಮೆ. ಎರಡನೆಯದು ಸಮಗ್ರ ಶಿಕ್ಷಾ ಅನ್ನೋ ಯೋಜನೆ. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕದ ಅಭಿಯಾನ, ಶಿಕ್ಷಕರ ತರಬೇತಿ ಮೂರನ್ನೂ ಒಟ್ಟು ಮಾಡಿದ್ದು. ಕೇಂದ್ರದ್ದು 60, ರಾಜ್ಯದ್ದು 40. ನಿಮ್ಮ 10,000 ಬರೋದು ಇಲ್ಲಿಂದ. ಅದರ ಮೆಟ್ಟಿಲು ಹೀಗಿದೆ: 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದರ ಮೇಲೆ ಒಂದು ಲಕ್ಷ. ಅಂದರೆ ಮೂವತ್ತೊಂದನೇ ಮಗು ಸೇರಿದ ದಿನ ಶಾಲೆಗೆ 15,000 ಹೆಚ್ಚು. ಒಂದು ಕುಟುಂಬ ಬೆಂಗಳೂರಿಗೆ ಹೋದರೆ ಅಷ್ಟೇ ಕಡಿಮೆ. ಮಾಡಿನ ಅಳತೆ ಮಾತ್ರ ಅಷ್ಟೇ ಇರ್ತದೆ.

ಮಜಾ ಇರೋದು ತಲಾ ಖರ್ಚಿನ ಲೆಕ್ಕದಲ್ಲಿ. ಒಬ್ಬ ಶಿಕ್ಷಕರಿಗೆ ತಿಂಗಳಿಗೆ 60,000 ಅಂತ ಇಟ್ಟುಕೊಳ್ಳಿ (ಊಹೆಯ ಅಂಕಿ, ಲೆಕ್ಕಕ್ಕೆ ಮಾತ್ರ). ಇಬ್ಬರು ಶಿಕ್ಷಕರು, ಒಂಬತ್ತು ಮಕ್ಕಳು: ವರ್ಷಕ್ಕೆ 14.4 ಲಕ್ಷ, ಮಗುವಿಗೆ 1,60,000. ಪೇಟೆಯ ಶಾಲೆಯಲ್ಲಿ ಎಂಟು ಶಿಕ್ಷಕರು, 240 ಮಕ್ಕಳು ಅಂದರೆ ಮಗುವಿಗೆ 24,000. ಅನುದಾನದಲ್ಲೂ ಹಾಗೇ. ನಿಮ್ಮಲ್ಲಿ ಮಗುವಿಗೆ 1,111 ರೂಪಾಯಿ, ಅಲ್ಲಿ 208. ಕಾಗದದ ಮೇಲೆ ನಿಮ್ಮ ಶಾಲೆ ತಾಲೂಕಿನ ಅತಿ ಶ್ರೀಮಂತ ಶಾಲೆ! ವಿಧಾನಸೌಧದಲ್ಲಿ ಕೂತವರಿಗೆ ಕಾಣೋದು ಈ 1,60,000. ನಿಮಗೆ ಕಾಣೋದು ಕುಂಬಾದ ಪಕಾಸು. ಎರಡೂ ಸುಳ್ಳಲ್ಲ.

ಕೋಡಿಬಾಗ (ಕಾರವಾರ)

ಚಾಲಿಲೆಕ್ಕ ಸರ್ ನನ್ನ ವಾದವನ್ನೇ ಮಾಡಿಕೊಟ್ಟರು, ಥ್ಯಾಂಕ್ಸ್. ಮಗುವಿಗೆ ಒಂದೂವರೆ ಲಕ್ಷ ಸುರಿದು ಅಲ್ಲಿ ಸಿಗೋದೇನು? ಐದು ಕ್ಲಾಸು, ಇಬ್ಬರು ಮಾಸ್ತರು, ಅವರಲ್ಲಿ ಒಬ್ಬರು ಯಾವಾಗಲೂ ಮೀಟಿಂಗು. ಕಬಡ್ಡಿ ಆಡಲಿಕ್ಕೆ ಎರಡು ಪಕ್ಷ ಆಗೋದಿಲ್ಲ. ಅದೇ ದುಡ್ಡಿನಲ್ಲಿ ವ್ಯಾನ್ ಇಟ್ಟು ಆ ಒಂಬತ್ತು ಮಕ್ಕಳನ್ನು ಒಳ್ಳೆ ಶಾಲೆಗೆ ಕರೆದುಕೊಂಡು ಹೋಗಿ. ಕರ್ನಾಟಕ ಪಬ್ಲಿಕ್ ಶಾಲೆ (ಕೆಪಿಎಸ್) ಮಾಡ್ತಾ ಇರೋದು ಅದಕ್ಕೇ ಅಲ್ವಾ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ.

ನಾನೇ ಕನ್ನಡ ಶಾಲೆಯಲ್ಲಿ ಓದಿದವಳು. ಮಗಳನ್ನು ಮಾತ್ರ ಖಾಸಗಿಗೆ ಹಾಕಿದ್ದೇನೆ, ಅದನ್ನು ಮುಚ್ಚಿಡೋದಿಲ್ಲ. ಫೀ ಕಟ್ಟುವಾಗ ಉರೀತದೆ, ಆದರೆ ಕ್ಲಾಸಿಗೊಬ್ಬ ಟೀಚರ್ ಇದ್ದಾರೆ.

ಕಾಲುಸಂಕ

ಕೋಡಿಬಾಗದಿಂದ ಮಕ್ಕಳು ಆಟೋದಲ್ಲಿ ಹೋಗಬಹುದು ತಂಗಿ. ನಮ್ಮಲ್ಲಿ ಶಾಲೆಗೂ ಆಚೆ ಕೇರಿಗೂ ನಡುವೆ ಹಳ್ಳ. ದಾಟಲಿಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ), ಹಿಡ್ಕೊಳ್ಳಲಿಕ್ಕೆ ಒಂದು ಬಿದಿರು. ಜುಲೈ ತಿಂಗಳಲ್ಲಿ ಅದರ ಮೇಲೆ ದೊಡ್ಡವರೇ ಕೂತು ಜಾರ್ತಾರೆ. ವ್ಯಾನು ಬರುವ ರಸ್ತೆ ಹಳ್ಳದ ಆಚೆ ನಿಲ್ತದೆ. ಒಂದರಿಂದ ಐದನೇ ಕ್ಲಾಸಿನವರಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಅಂತ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ನಿಯಮ ಮಾಡಿದ್ದು ಆರು ವರ್ಷದ ಕಾಲಿನ ಅಳತೆ ನೋಡಿಯೇ.

ಜೊಯಿಡಾ_ಅತಿಥಿ (ಜೊಯಿಡಾ)

ಅತಿಥಿ ಶಿಕ್ಷಕ. ಓದಿ ಓದಿ ಸುಮ್ಮನಿದ್ದೆ, ಒಂದೂವರೆ ಲಕ್ಷದ ಮಾತು ಬಂದಿದ್ದಕ್ಕೆ ಬರೀತೇನೆ.

ಆ ಲೆಕ್ಕದಲ್ಲಿ ಇಬ್ಬರು ಕಾಯಂ ಶಿಕ್ಷಕರಿದ್ದಾರೆ ಅಂತ ಇಟ್ಟುಕೊಂಡಿರಿ. ನಮ್ಮ ಕಡೆ ಅರ್ಧ ಜಾಗ ಖಾಲಿ. ಆ ಜಾಗಕ್ಕೆ ನಾನು. ಪ್ರಾಥಮಿಕದಲ್ಲಿ ತಿಂಗಳಿಗೆ 10,000 ಇತ್ತು, 2025–26ರ ಬಜೆಟ್ಟಿನಲ್ಲಿ 2,000 ಏರಿಸಿ 12,000 ಮಾಡಿದರು. ಕೈಗೆ ತಿಂಗಳು ತಿಂಗಳು ಬರ್ತದೆ ಅಂತ ತಿಳೀಬೇಡಿ. ಜೂನಿನಲ್ಲಿ ಸೇರಿಸ್ತಾರೆ, ಶಾಲೆ ಮುಗಿದ ಕೂಡಲೇ ಬಿಡಿಸ್ತಾರೆ. ಬೇಸಿಗೆಗೆ ನಾನು ಗೋವಾದಲ್ಲಿ ಕೆಲಸ ಮಾಡ್ತೇನೆ. ಹಾಗಾಗಿ ನಿಮ್ಮ ಪಟ್ಟಿಯ 14.4 ಲಕ್ಷ ಎಷ್ಟೋ ಶಾಲೆಯಲ್ಲಿ ಎಂಟೂವರೆ ಲಕ್ಷದೊಳಗೇ. ಉಳಿದದ್ದು ಸರ್ಕಾರಕ್ಕೆ ಉಳಿತಾಯ!

ನನ್ನ ಕ್ಲಾಸಿನ ಮಕ್ಕಳು ಕುಣಬಿಗಳು, ಗೌಳಿಗಳು. ಮನೆಯಲ್ಲಿ ಕೊಂಕಣಿ, ಮರಾಠಿ. ಪುಸ್ತಕದ ಕನ್ನಡ ಅವರಿಗೆ ಮೊದಲ ಸಲ ಕೇಳೋದೇ ಒಂದನೇ ಕ್ಲಾಸಿನಲ್ಲಿ. ಅವರಿಗೆ ಅತ್ಯಂತ ನುರಿತ ಶಿಕ್ಷಕರು ಬೇಕು. ಸಿಗೋದು ನಾನು, ಮುಂದಿನ ವರ್ಷ ಇರ್ತೇನೋ ಇಲ್ಲವೋ ಗೊತ್ತಿಲ್ಲದವನು. 2020ರ ವರ್ಗಾವಣೆ ಕಾಯ್ದೆಯಲ್ಲಿ ಎ, ಬಿ, ಸಿ ವಲಯ ಮಾಡಿದ್ದಾರೆ, ಸಿ ಅಂದರೆ ನಮ್ಮಂಥ ದೂರದ್ದು. ಇಲ್ಲಿಗೆ ಬಂದ ಕಾಯಂ ಮಾಸ್ತರು ಬಂದ ದಿನದಿಂದ ವರ್ಗಾವಣೆಯ ಅಂಕ ಎಣಿಸ್ತಾರೆ. ಅವರನ್ನು ದೂರೋದಿಲ್ಲ, ಅವರ ಮಕ್ಕಳೂ ಎಲ್ಲೋ ಓದಬೇಕಲ್ಲ.

ಇನ್ನೊಂದು. ಅನುದಾನ ಈಗ ನಗದಾಗಿ ಶಾಲೆ ಖಾತೆಗೆ ಬೀಳೋದಿಲ್ಲ. 2021ರಿಂದ ರಾಜ್ಯಕ್ಕೆಲ್ಲ ಒಂದೇ ನೋಡಲ್ ಖಾತೆ, ಶಾಲೆಗೆ ಬರೀ ಖರ್ಚಿನ ಮಿತಿ. ಖರ್ಚು ಹಾಕಲಿಕ್ಕೆ ಆನ್‌ಲೈನೇ ಬೇಕು. ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಬೇಕು, ಮಾರ್ಚ್ 31 ದಾಟಿದರೆ ಮಿತಿ ಹಿಂದಕ್ಕೆ. ಅದನ್ನೇ ಆಮೇಲೆ ‘ಖರ್ಚು ಮಾಡಲಾಗದ ಶಾಲೆ’ ಅಂತಾರೆ.

ಅಕ್ಕೋರು_ನಿವೃತ್ತ (ಹೊನ್ನಾವರ)

ಅತಿಥಿ ಮಾಸ್ತರ ಮಾತಿಗೆ ಸೇರಿಸ್ತೇನೆ. ಹಳ್ಳಿ ಶಾಲೆ ಒಂದೇ ದಿನ ಮುಚ್ಚೋದಿಲ್ಲ, ಅದು ಇಳಿಯೋದಕ್ಕೆ ಒಂದು ಕ್ರಮ ಇದೆ. ನಾನು ಅದನ್ನು ಹತ್ತಿರದಿಂದ ನೋಡಿದವಳು.

ಮೊದಲು ಮಕ್ಕಳು ಅರವತ್ತರ ಮೇಲೆ ಇರ್ತಾರೆ, ಮೂವರು ಶಿಕ್ಷಕರು. ಆರ್‌ಟಿಇ ಪಟ್ಟಿ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ ಅರವತ್ತರವರೆಗೆ ಇಬ್ಬರು, ತೊಂಬತ್ತರವರೆಗೆ ಮೂವರು. ಒಂದು ವರ್ಷ ಐವತ್ತೆಂಟು ಆಯಿತು ಅನ್ನಿ. ಒಬ್ಬರು ‘ಹೆಚ್ಚುವರಿ’. ಕೌನ್ಸೆಲಿಂಗು, ಬೇರೆ ಶಾಲೆಗೆ ಮರುಹೊಂದಾಣಿಕೆ. ಹೋಗೋದು ಬಹುಪಾಲು ಇತ್ತೀಚೆಗೆ ಬಂದವರು, ಹುರುಪಿನವರು. ಉಳಿದ ಇಬ್ಬರಲ್ಲಿ ಒಬ್ಬರ ತಲೆ ಮೇಲೆ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ, ಚುನಾವಣೆ ಪಟ್ಟಿ, ಸಮೀಕ್ಷೆ. ನಲಿ–ಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರು ಹೇಗೂ ಒಟ್ಟಿಗೆ ಕೂರ್ತಾರೆ, ಅದು ಪದ್ಧತಿಯೇ ಹಾಗೆ, ಚೆನ್ನಾಗಿ ಮಾಡಿದರೆ ಬಹಳ ಚೆನ್ನ. ಆದರೆ ನಾಲ್ಕು, ಐದೂ ಅದೇ ಅಕ್ಕೋರ ಪಾಲಿಗೆ ಬಂದರೆ? ಬೋರ್ಡಿನ ಎಡಗಡೆ ನಾಲ್ಕನೇಯವರ ಭಾಗಾಕಾರ, ಬಲಗಡೆ ಐದನೇಯವರ ಭಿನ್ನರಾಶಿ, ಹಿಂದೆ ಕಾರ್ಡು ಹಿಡಿದು ಕೂತ ಚಿಕ್ಕವರು ‘ಅಕ್ಕೋರೇ, ಮುಗೀತು’ ಅಂತ. ನಾನು ಮಾಡಿದ್ದೇನೆ. ಸಂಜೆಗೆ ಗಂಟಲೇ ಇರ್ತಿರಲಿಲ್ಲ.

ಇದನ್ನು ನೋಡಿದ ಅಪ್ಪ–ಅಮ್ಮಂದಿರು ಮರುವರ್ಷ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸ್ತಾರೆ. ಮಕ್ಕಳು ನಲವತ್ತು. ಆಮೇಲೆ ಇಪ್ಪತ್ತೈದು, ಅನುದಾನವೂ 25,000ದಿಂದ 10,000ಕ್ಕೆ. ಅಷ್ಟರಲ್ಲಿ ಉಳಿದವರು ಯಾರು? ವ್ಯಾನಿಗೆ ಕೊಡಲಿಕ್ಕೆ ಇಲ್ಲದವರ ಮಕ್ಕಳು. ಕೋಡಿಬಾಗದವರು ಕೇಳಿದ ‘ಅಲ್ಲಿ ಸಿಗೋದೇನು’ ಪ್ರಶ್ನೆಗೆ ಉತ್ತರ ಇದೇ: ಇದ್ದದ್ದನ್ನು ಒಂದೊಂದಾಗಿ ತೆಗೆದ ಮೇಲೆ ಸಿಗೋದೇನು ಅಂತ ಕೇಳ್ತಾರೆ.

ಕೋಡಿಬಾಗ

ಹಾಗಾದರೆ 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಮೂರನೇ ಸ್ಥಾನ ನಮ್ಮ ಜಿಲ್ಲೆಗೆ ಹೇಗೆ ಬಂತು ಅಕ್ಕೋರೇ? ಅಷ್ಟು ಹದಗೆಟ್ಟಿದ್ದರೆ ಬರ್ತಿತ್ತಾ?

ಚಾಲಿಲೆಕ್ಕ

ಜಿಲ್ಲೆಯ ಸರಾಸರಿ ಅದು. ಅದೂ ಪರೀಕ್ಷೆ ಬರೆದವರದ್ದು ಮಾತ್ರ. ಒಂಬತ್ತನೇ ಕ್ಲಾಸಿಗೇ ಬಿಟ್ಟವನು ಅದರಲ್ಲಿ ಇಲ್ಲ. ಮತ್ತೆ ಮಕ್ಕಳನ್ನು ಓದಿಸಲೇಬೇಕು ಅನ್ನೋ ಮನೆಗಳು ಈ ಜಿಲ್ಲೆಯಲ್ಲಿ ಮೊದಲಿನಿಂದ ಜಾಸ್ತಿ. ಅದರ ಶ್ರೇಯಸ್ಸನ್ನು ಅನುದಾನದ ಪಟ್ಟಿಗೆ ಕೊಡಬೇಡಿ.

ಮಲ್ಲಾಪುರ_ಪೋಸ್ಟ್ (ಕಾರವಾರ ತಾಲೂಕು)

ನಾವು ಕೈಗಾ ಬದಿಯವರು. ಅಣುಸ್ಥಾವರದ ಸಿಎಸ್‌ಆರ್ (ಕಂಪನಿ ಸಮಾಜಕ್ಕೆ ಖರ್ಚು ಮಾಡಬೇಕಾದ ದುಡ್ಡು) ಇರೋದರಿಂದ ಸುತ್ತಲಿನ ಶಾಲೆಗಳಿಗೆ ಕೊಠಡಿ, ಬೆಂಚು ಎಲ್ಲ ಬಂದಿದೆ. ಅದಕ್ಕೆ ನಮ್ಮ ಹೊಟ್ಟೆ ತಣ್ಣಗಿದೆ, ಸುಳ್ಳು ಹೇಳೋದಿಲ್ಲ.

ಆದರೆ ನಿಯಮ ನೋಡಿ. 2013ರ ಕಂಪನಿ ಕಾಯ್ದೆ 135ನೇ ಕಲಂ: ದೊಡ್ಡ ಕಂಪನಿ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡು ಖರ್ಚು ಮಾಡಬೇಕು, ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಸ್ಥಾವರದ ಪಕ್ಕದಲ್ಲಿದ್ದವರಿಗೆ ಅಪಾಯವೂ ಪಕ್ಕದಲ್ಲೇ, ಹಾಗಾಗಿ ಅದು ನ್ಯಾಯವೇ. ಕಾಲುಸಂಕ ಅವರ ಊರಿನಲ್ಲಿ ಯಾವ ಕಂಪನಿ ಇದೆ? ಅಡಿಕೆ ತೋಟಕ್ಕೆ ಸಿಎಸ್‌ಆರ್ ಇಲ್ಲ. ಸಿಎಸ್‌ಆರ್ ಬರೋದರಿಂದ ಸರ್ಕಾರ ತನ್ನ ಕಟ್ಟಡದ ದುಡ್ಡನ್ನು ಬೇರೆ ಕಡೆ ತಿರುಗಿಸಿದರೆ ಸರಿಹೋಗ್ತಿತ್ತು. ಹಾಗೆ ತಿರುಗಿಸೋದನ್ನು ನಾನಂತೂ ನೋಡಿಲ್ಲ. ಕಂಪನಿ ಇದ್ದಲ್ಲಿ ಕಂಪನಿ, ಶಾಸಕರ ಒಲವಿದ್ದಲ್ಲಿ ಶಾಸಕರು, ಎರಡೂ ಇಲ್ಲದಲ್ಲಿ ಎಸ್‌ಡಿಎಂಸಿಯವರ ಜೇಬು.

ಎಡಿಸನ್_ಕುಮಟಾ (ನ್ಯೂಜೆರ್ಸಿ)

ಕುಮಟಾದವನು, ಈಗ ಅಮೆರಿಕದಲ್ಲಿ. ಇಲ್ಲಿನದನ್ನು ಹೇಳಿದರೆ ‘ಅಮೆರಿಕ ಶುರು ಮಾಡಿದ’ ಅಂತೀರಿ, ಆದರೂ ಕೇಳಿ, ಯಾಕೆಂದರೆ ಇಲ್ಲಿ ಇದೇ ಜಗಳ ಐವತ್ತು ವರ್ಷದಿಂದ ಕೋರ್ಟಿನಲ್ಲಿದೆ.

ಇಲ್ಲಿ ಶಾಲೆಯ ದುಡ್ಡಿನ ದೊಡ್ಡ ಭಾಗ ಊರಿನ ಮನೆ ತೆರಿಗೆಯಿಂದ. ಒಕ್ಕೂಟ ಸರ್ಕಾರದ ಪಾಲು ನೂರಕ್ಕೆ ಹತ್ತರ ಆಸುಪಾಸು ಅಷ್ಟೇ, ಉಳಿದದ್ದು ರಾಜ್ಯ ಮತ್ತು ಊರು. ಒಳ್ಳೆ ಮನೆ ಇದ್ದ ಊರಿಗೆ ಒಳ್ಳೆ ತೆರಿಗೆ, ಒಳ್ಳೆ ಶಾಲೆ, ಅದರಿಂದ ಮನೆ ಬೆಲೆ ಇನ್ನೂ ಏರ್ತದೆ. ಮನೆ ಕೊಳ್ಳುವಾಗ ಬ್ರೋಕರು ಮೊದಲು ಹೇಳೋದೇ ಶಾಲೆಯ ರೇಟಿಂಗು. ಟೆಕ್ಸಾಸಿನ ಬಡ ಬಡಾವಣೆಯೊಂದರ ಪೋಷಕರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1973ರಲ್ಲಿ 5–4ರ ತೀರ್ಪು ಬಂತು: ಶಿಕ್ಷಣ ಅಮೆರಿಕದ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ, ಊರಿನಿಂದ ಊರಿಗೆ ದುಡ್ಡಿನ ವ್ಯತ್ಯಾಸ ಇರಬಹುದು. ಆಮೇಲೆ ಜನ ಒಂದೊಂದೇ ರಾಜ್ಯದ ಕೋರ್ಟಿಗೆ ಹೋದರು. ನಮ್ಮ ನ್ಯೂಜೆರ್ಸಿಯಲ್ಲಿ 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಬಡ ನಗರಗಳ ಶಾಲೆಗೆ ಶ್ರೀಮಂತ ಊರುಗಳ ಸಮಕ್ಕೆ ದುಡ್ಡು ಕೊಡಿ ಎಂದಿತು. ಅಂಥ ಜಿಲ್ಲೆಗಳು ಕೊನೆಗೆ 31 ಆದವು. ತೆರಿಗೆ ಕಟ್ಟುವ ನಾವು ಗೊಣಗಾಡ್ತೇವೆ, ಆದರೆ ಕಟ್ಟಲೇಬೇಕು.

ಭಾರತದಲ್ಲಿ ಉಲ್ಟಾ. 2002ರ 86ನೇ ತಿದ್ದುಪಡಿಯಿಂದ ಸಂವಿಧಾನದಲ್ಲಿ 21ಎ ಬಂತು, ಶಿಕ್ಷಣ ಮೂಲಭೂತ ಹಕ್ಕು. ಮನೆ ತೆರಿಗೆಗೂ ಶಾಲೆಗೂ ಗಂಟಿಲ್ಲ. ಇಷ್ಟೆಲ್ಲ ಇದ್ದೂ ಕಾಲುಸಂಕ ಅವರು ಹಂಚಿಗೆ ಚಂದಾ ಎತ್ತಬೇಕು ಅಂದರೆ ಏನು ಹೇಳೋದು?

ಕಾಲುಸಂಕ

ಎಡಿಸನ್ ಅವರೇ, ನೀವು ಓದಿದ ಕುಮಟಾ ಶಾಲೆಗೆ ಎಷ್ಟು ಕಳಿಸಿದ್ದೀರಿ?

ಎಡಿಸನ್_ಕುಮಟಾ

ಕಳಿಸಿದ್ದೇನೆ. ಅದೇ ಸಮಸ್ಯೆ ಅಂತ ನೀವು ಹೇಳಲಿಕ್ಕೆ ಹೊರಟಿದ್ದೀರಿ, ಗೊತ್ತು.

ಕಾಲುಸಂಕ

ಹೌದು, ಅದನ್ನೇ. ಅಮೆರಿಕಕ್ಕೆ ಹೋಗುವವರನ್ನು ತಯಾರು ಮಾಡಿದ ಶಾಲೆಗೆ ಅಮೆರಿಕದಿಂದ ದುಡ್ಡು ಬರ್ತದೆ. ನಮ್ಮ ಶಾಲೆಯಲ್ಲಿ ಕಲಿತವರು ತೋಟಕ್ಕೆ, ಗಾರೆ ಕೆಲಸಕ್ಕೆ ಹೋದರು. ಅವರಿಂದ ಯಾರು ಪ್ರೊಜೆಕ್ಟರು ಕೇಳ್ತಾರೆ? ಬಂದು ಹಂಚು ಹೊದೆಸಿ ಹೋದರು, ಕೂಲಿ ಬಿಟ್ಟು.

ಅಂಕೋಲಾ_ಬೆಂಚು (ಅಂಕೋಲಾ)

ಮನೆ ತೆರಿಗೆಗೂ ಶಾಲೆಗೂ ಗಂಟಿಲ್ಲ ಅಂದಿರಿ, ಹಿಂದೆ ಇತ್ತು, ಭೂಮಿಯ ರೂಪದಲ್ಲಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತಲ್ಲ, ಆ ದಶಕದಲ್ಲೇ ಮುಂಬೈ ಸರ್ಕಾರ ಲೋಕಲ್ ಫಂಡ್ ತಂದಿತು. ಕಂದಾಯದ ಪ್ರತಿ ರೂಪಾಯಿ ಮೇಲೆ ಒಂದಾಣೆ. ಅದರ ಮೂರನೇ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮುಂತಾದ್ದಕ್ಕೆ. ಹೊಲ ಇದ್ದ ಊರಿಗೆ ಶಾಲೆ ಬೇಗ ಬಂತು, ಕಾಡಿನ ಊರಿಗೆ ತಡ. ಇಂದಿನ ನಕ್ಷೆಯಲ್ಲೂ ಅದರ ಗುರುತು ಇದೆ ಅಂತ ನನ್ನ ಅನುಮಾನ.

ಸರ್ಕಾರ ತಲುಪದ ಕಡೆ ಖಾಸಗಿಯವರೇ ಶಾಲೆ ಕಟ್ಟಿದ್ದೂ ನಮ್ಮ ಜಿಲ್ಲೆಯದೇ ಕಥೆ. ಭಟ್ಕಳದಲ್ಲಿ 1919ರಲ್ಲೇ ಅಂಜುಮನ್ ಶುರುವಾಯಿತು. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲು ಇಲ್ಲದ ಊರುಗಳಿಗೆ ಜನತಾ ವಿದ್ಯಾಲಯ ತಂದರು. ಚುಟುಕು ಬರೆದವರು ಅಂತ ಎಲ್ಲರಿಗೂ ಗೊತ್ತು, ಗೇಣಿದಾರರ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದ್ದು ಅವರಿಂದ ಅನ್ನೋದನ್ನು ಈಗಿನವರು ಮರೀತಾರೆ. ಇವೆಲ್ಲ ಅನುದಾನಿತ ಶಾಲೆ: ಕಟ್ಟಡ ಸಂಸ್ಥೆಯದ್ದು, ಸಂಬಳ ಸರ್ಕಾರದ್ದು.

ಈಗ ಅನುದಾನಿತ ಶಾಲೆಯ ಗತಿ ಕೇಳಬೇಡಿ. ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಒಪ್ಪಿಗೆಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಆಡಳಿತ ಮಂಡಳಿ ತಾನೇ ಏಳೆಂಟು ಸಾವಿರಕ್ಕೆ ಒಬ್ಬರನ್ನು ಇಟ್ಟುಕೊಳ್ತದೆ, ಆ ದುಡ್ಡು ಪಾಲಕರ ಮೇಲೆ ಬೀಳ್ತದೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗಂತೂ ಅನುದಾನವೇ ಇಲ್ಲ. ಬಡವರ ಹೈಸ್ಕೂಲು ಅಂತ ಹುಟ್ಟಿದ್ದು ಫೀ ಕೇಳುವ ಹೈಸ್ಕೂಲಾಗ್ತಾ ಇದೆ. ಯಾರೂ ಆದೇಶ ಹೊರಡಿಸಿಲ್ಲ, ಸುಮ್ಮನೆ ಜಾಗ ತುಂಬಿಲ್ಲ ಅಷ್ಟೇ.

ಗಂಗಾವಳಿ_ಬಿಕ್ಕೆ

ಚಂದಾ ಅಂದಿದ್ದಕ್ಕೆ ನೆನಪಾಯಿತು: 2022ರ ಅಕ್ಟೋಬರ್. ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೀಬಹುದು ಅಂತ ಇಲಾಖೆ ಸುತ್ತೋಲೆ ಹೊರಡಿಸಿ, ಗಲಾಟೆ ಆಗಿ, ಮೂರ್ನಾಲ್ಕು ದಿನಕ್ಕೇ ವಾಪಸ್ ತಗೊಂಡರು. ಸುತ್ತೋಲೆ ಹೋಯಿತು, ದೇಣಿಗೆ ಹೋಯಿತಾ?

ಅಕ್ಕೋರು_ನಿವೃತ್ತ

ಹೋಗಲಿಲ್ಲ. ಅದು ಮೊದಲೂ ಇತ್ತು, ಈಗಲೂ ಇದೆ. 100 ರೂಪಾಯಿ ಪೇಟೆಯ 400 ಮಕ್ಕಳ ಶಾಲೆಯಲ್ಲಿ ತಿಂಗಳಿಗೆ 40,000. ನಮ್ಮ ಕಾಲುಸಂಕದವರ ಶಾಲೆಯಲ್ಲಿ 900. ಯೋಚನೆ ಮಾಡಿದವರು ಇಷ್ಟನ್ನಾದರೂ ಗುಣಿಸಿ ನೋಡಬೇಕಿತ್ತು. 2023ರ ರಾಜ್ಯೋತ್ಸವಕ್ಕೆ ಸರ್ಕಾರಿ ಶಾಲೆಗೆ ಕರೆಂಟು, ನೀರು ಉಚಿತ ಅಂದರಲ್ಲ, ಅದು ನಿಜಕ್ಕೂ ಉಪಕಾರ. ಅಲ್ಲಿವರೆಗೆ ಬಿಲ್ಲಿಗೇ ಅನುದಾನ ಮುಗೀತಿತ್ತು.

ಕೋಡಿಬಾಗ

ಎಲ್ಲ ಒಪ್ಪೋಣ. ಆದರೂ ವ್ಯಾನಿನ ಮಾತಿಗೆ ಯಾರೂ ನೇರವಾಗಿ ಉತ್ತರ ಕೊಟ್ಟಿಲ್ಲ. ಮತ್ತೊಂದು: ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗಿಟ್ಟ ಆರ್‌ಟಿಇ ಸೀಟಿಗೆ ಸರ್ಕಾರ ಆ ಶಾಲೆಗೆ ಮಗುವಿಗೆ 16,000 ರೂಪಾಯಿವರೆಗೆ ಕೊಡ್ತಿತ್ತು. ನಮ್ಮ ಓಣಿಯ ಮೀನು ಮಾರುವವರ ಮಗ ಅದರಲ್ಲೇ ಓದಿದ. 2019ರಲ್ಲಿ ನಿಯಮ ಬದಲಿಸಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟಿಲ್ಲ ಅಂದರು. ಬಡವರ ಒಂದು ಬಾಗಿಲು ಮುಚ್ಚಿತಲ್ಲ? ನನಗೆ ದುಡ್ಡಿದೆ, ಆಯ್ಕೆ ಇದೆ. ಅವರಿಗೆ?

ಕಾಲುಸಂಕ

ಆ 16,000 ಕೇಳಿ ನನಗೆ ನಗು ಬಂತು. ಒಂದು ಮಗುವಿಗೆ ಕೊಟ್ಟದ್ದು ನಮ್ಮ ಇಡೀ ಶಾಲೆಯ ವರ್ಷದ ಅನುದಾನಕ್ಕಿಂತ ಹೆಚ್ಚು.

ಚಾಲಿಲೆಕ್ಕ

ಹಾಗೆ ಹೋಲಿಸಬೇಡಿ. 16,000ದಲ್ಲಿ ಅವರ ಟೀಚರ ಸಂಬಳವೂ ಸೇರಿತ್ತು, ನಿಮ್ಮ 10,000ದಲ್ಲಿ ಸೇರಿಲ್ಲ. ಆದರೆ ಕೋಡಿಬಾಗ ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ಖಾಸಗಿಗೆ ಹೋದ ಪ್ರತಿ ಮಗುವಿನಿಂದ ಸರ್ಕಾರಿ ಶಾಲೆಯ ತಲೆ ಎಣಿಕೆ ಇಳಿದು ಅಕ್ಕೋರು ಹೇಳಿದ ಇಳಿಜಾರು ಶುರುವಾಗ್ತಿತ್ತು, ಅದೂ ಸರ್ಕಾರದ್ದೇ ದುಡ್ಡಿನಲ್ಲಿ. ನಿಯಮ ಬದಲಿಸಿದ್ದು ಅದಕ್ಕೆ. ಬಾಗಿಲು ಮುಚ್ಚಿದ ಮೇಲೆ ಒಳಗಿನ ಮನೆ ದುರಸ್ತಿ ಮಾಡಬೇಕಿತ್ತು, ಅದು ಆಗಲಿಲ್ಲ.

ವ್ಯಾನಿನ ಲೆಕ್ಕ: ವಿರಳ ಜನವಸತಿಯ ಕಡೆಯ ಮಕ್ಕಳ ಸಾರಿಗೆಗೆ ಸಮಗ್ರ ಶಿಕ್ಷಾದಲ್ಲಿ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಅವಕಾಶ ಇದೆ. ಒಂಬತ್ತು ಮಕ್ಕಳಿಗೆ 54,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 5,400. ಘಟ್ಟದ ರಸ್ತೆಯಲ್ಲಿ ದಿನಕ್ಕೆ ಎರಡು ಸರ್ತಿ ಬರುವ ಜೀಪಿನವನು ಈ ದುಡ್ಡಿಗೆ ಡೀಸೆಲ್ಲೂ ಹಾಕೋದಿಲ್ಲ.

ಕೋಡಿಬಾಗ

ಆ 14.4 ಲಕ್ಷದಲ್ಲಿ ಸ್ವಲ್ಪ ಆ ಕಡೆ ತಿರುಗಿಸಿದರೆ ಜೀಪೇನು, ಬಸ್ಸೇ ಬರ್ತದೆ!

ಜೊಯಿಡಾ_ಅತಿಥಿ

ತಿರುಗಿಸೋದಿಲ್ಲ ಮೇಡಂ. ಶಾಲೆ ವಿಲೀನ ಆದಾಗ ಶಿಕ್ಷಕರು ಬೇರೆ ಖಾಲಿ ಜಾಗಕ್ಕೆ ಹೋಗ್ತಾರೆ, ಉಳಿತಾಯ ಖಜಾನೆಗೆ ಹೋಗ್ತದೆ. ಮಗುವಿನ ಹಿಂದೆ ದುಡ್ಡು ಬರೋದಿಲ್ಲ. ಕೆಪಿಎಸ್ ಶಾಲೆಗಳನ್ನು 500ಕ್ಕೆ ಏರಿಸಲಿಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವು ತಗೊಳ್ತಾ ಇದ್ದಾರೆ. ಕಟ್ಟಡ ಚೆನ್ನಾಗೇ ಬರಬಹುದು. ಆ ಕಟ್ಟಡಕ್ಕೆ ನಮ್ಮ ತಾಲೂಕಿನ ಮೂಲೆಯ ಡಿಗ್ಗಿಯ ಮಗು ತಲುಪೋದು ಹೇಗೆ ಅನ್ನೋದು ನನ್ನ ಪ್ರಶ್ನೆ.

ನಿರ್ವಾಹಕ

ಪಕ್ಷಗಳ ಹೆಸರು ಎತ್ತಿದ ಎರಡು ಕಮೆಂಟು ತೆಗೆದಿದ್ದೇವೆ. ಮಕ್ಕಳ ಮುಖ ಕಾಣುವ ಫೋಟೊ ಹಾಕಬೇಡಿ.

ಅಘನಾಶಿನಿ (ಶಿರಸಿ)

ಕೆಲಸದ ಮಧ್ಯೆ ಓದಿದೆ, ತಡವಾಗಿ ಸೇರ್ತಾ ಇದ್ದೇನೆ. ಇಡೀ ಚರ್ಚೆಯಲ್ಲಿ ಒಂದು ಕಲಂ ಯಾರೂ ಎತ್ತಲಿಲ್ಲ. ಆರ್‌ಟಿಇ 22ನೇ ಕಲಂ. ಶಾಲಾ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು, ಸರ್ಕಾರದ ಯೋಜನೆ ಮತ್ತು ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು ಅಂತ ಕಾನೂನಿನಲ್ಲೇ ಇದೆ. ಮಕ್ಕಳ ತಲೆ ಎಣಿಸಿ ಮೆಟ್ಟಿಲು ಮಾಡಿ ಅಂತ ಕಾನೂನು ಎಲ್ಲೂ ಹೇಳಿಲ್ಲ, ಅದು ಸಮಗ್ರ ಶಿಕ್ಷಾದ ಮಾರ್ಗಸೂಚಿ. ಕರ್ನಾಟಕದಲ್ಲಿ ಎಸ್‌ಡಿಎಂಸಿ ಆರ್‌ಟಿಇಗಿಂತಲೂ ಹಳೆಯದು, 2001ರದ್ದು. ಇಷ್ಟು ವರ್ಷದಲ್ಲಿ ಎಷ್ಟು ಸಮಿತಿಗಳು ನಿಜವಾಗಿ ಯೋಜನೆ ಬರೆದಿವೆ? ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಸಹಿ ಹಾಕೋದು, ಅಷ್ಟೇ.

ಇನ್ನು ಪ್ರದೇಶದ ಮಾತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಇದೆ, ಪ್ರತ್ಯೇಕ ಮಂಡಳಿಯ ದುಡ್ಡಿನಲ್ಲಿ ಶಾಲೆಗೂ ಪಾಲು. ಅಲ್ಲಿನ ಹಿಂದುಳಿದಿರುವಿಕೆ ನಮ್ಮದಕ್ಕಿಂತ ಆಳವಾದ್ದು, ಅದರ ಮೇಲೆ ಕಣ್ಣು ಹಾಕೋದು ಬೇಡ. ಆದರೆ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರ ನಂಜುಂಡಪ್ಪ ವರದಿ ಒಂದು ಒಳ್ಳೆ ಕೆಲಸ ಮಾಡಿತ್ತು. ಜಿಲ್ಲೆಯನ್ನಲ್ಲ, ತಾಲೂಕನ್ನು ಅಳತೆಗೆ ತಗೊಂಡಿತು, 175 ತಾಲೂಕಿನಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಶಾಲೆಗೆ ಇನ್ನೂ ಒಂದು ಹೆಜ್ಜೆ ಕೆಳಗೆ ಹೋಗಬೇಕು, ಶಾಲೆಯನ್ನೇ ಅಳೀಬೇಕು. ವರ್ಷಕ್ಕೆ ಎರಡೂವರೆ–ಮೂರು ಸಾವಿರ ಮಿಲಿಮೀಟರು ಮಳೆ ಹೊಯ್ಯುವ ಕಡೆಯ ಹಂಚಿನ ಮಾಡಿಗೂ ವಿಜಯಪುರದ ಆರ್‌ಸಿಸಿ ತಾರಸಿಗೂ ದುರಸ್ತಿಯ ದುಡ್ಡು ಒಂದೇ ಅಂದರೆ ಯಾವ ಲೆಕ್ಕ? ಮಕ್ಕಳ ಸಂಖ್ಯೆ ಏನೇ ಇರಲಿ, ಪ್ರತಿ ಶಾಲೆಗೆ ಒಂದು ತಳಮಟ್ಟದ ಮೊತ್ತ, ಅದರ ಮೇಲೆ ಮಳೆ, ದೂರ, ಕಟ್ಟಡದ ವಯಸ್ಸು ನೋಡಿ ಹೆಚ್ಚುವರಿ. ನಾನು ಕೇಳೋದು ಇಷ್ಟೇ.

ಕಾಲುಸಂಕ

ಯೋಜನೆ ಬರೀಬಹುದು. ಬರೆದರೆ ಯಾರು ನೋಡ್ತಾರೆ?

ಅಘನಾಶಿನಿ

ನೋಡದೇ ಇರಲಿ. ನೀವು ಕೇಳಿದ್ದೀರಿ ಅನ್ನೋದು ದಾಖಲೆಗೆ ಬರಬೇಕು. ಈಗ ಕಡತದಲ್ಲಿ ನಿಮ್ಮ ಶಾಲೆಗೆ ಯಾವ ಕೊರತೆಯೂ ಇಲ್ಲ, ಯಾಕೆಂದರೆ ಯಾರೂ ಬರೆದಿಲ್ಲ.

ಮೂರು ವರ್ಷದ ಯೋಜನೆ, ವರ್ಷಕ್ಕೊಂದು ಭಾಗ. ಆರ್ಥಿಕ ವರ್ಷ ಮುಗಿಯೋ ಮೂರು ತಿಂಗಳು ಮುಂಚೆ ತಯಾರಾಗಬೇಕು, ಅಂದರೆ ಡಿಸೆಂಬರ್ ಒಳಗೆ. ಕ್ಲಾಸುವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಕಟ್ಟಡಕ್ಕೆ ಏನು ಬೇಕು, ವರ್ಷವಾರು ಎಷ್ಟು ದುಡ್ಡು, ಇಷ್ಟು ಇರಬೇಕು. ಅಂಗನವಾಡಿಗೆ ಹೋಗಿ ಮುಂದಿನ ಮೂರು ವರ್ಷದಲ್ಲಿ ಒಂದನೇ ಕ್ಲಾಸಿಗೆ ಬರುವ ಮಕ್ಕಳ ಪಟ್ಟಿ ತನ್ನಿ. ಮಾಡಿಗೆ ಬಡಗಿಯಿಂದ ಅಂದಾಜು ಬರೆಸಿ. ಕಂಪೌಂಡು, ಶೌಚಾಲಯದಂಥದ್ದನ್ನು ಪಂಚಾಯ್ತಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಸೇರಿಸಲಿಕ್ಕಾಗ್ತದಾ ಅಂತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಬೇರೆಯಾಗಿ ಕೇಳಿ, ಅದನ್ನು ಶಾಲೆಯ ಅನುದಾನಕ್ಕೆ ತಾಗಿಸಬೇಡಿ. ಜಿಲ್ಲಾ, ತಾಲೂಕು ಪಂಚಾಯ್ತಿಗೆ 2016ರ ಮೇಲೆ ಚುನಾವಣೆಯೇ ಆಗಿಲ್ಲ, ಹಾಗಾಗಿ ಅಲ್ಲಿ ಕೇಳಲಿಕ್ಕೆ ನಿಮ್ಮ ಸದಸ್ಯರು ಅಂತ ಯಾರೂ ಇಲ್ಲ. ಗ್ರಾಮ ಪಂಚಾಯ್ತಿಯನ್ನೇ ಹಿಡಿಯಿರಿ.

ಕೋಡಿಬಾಗ

ಅದೇ ಯೋಜನೆಯಲ್ಲಿ ಸಾರಿಗೆಯದ್ದೂ ಒಂದು ಸಾಲು ಬರೀರಿ ಕಾಲುಸಂಕ ಅಣ್ಣ. ಮಾಡು ಬೇಕಾ ಜೀಪು ಬೇಕಾ ಅಂತ ನಾವಿಲ್ಲಿ ಕಾದಾಡೋದಕ್ಕಿಂತ ಎರಡರ ಖರ್ಚೂ ಪಕ್ಕಪಕ್ಕ ಇದ್ದರೆ ಚೆನ್ನ. ನನಗಿನ್ನೂ ಜೀಪೇ ಸರಿ ಅನಿಸ್ತದೆ.

ಕಾಲುಸಂಕ

ಬರೀತೇವೆ. ಜೀಪಿನ ಮುಂದೆ ಸಂಕದ ಖರ್ಚನ್ನೂ ಬರೀತೇವೆ, ಅದಿಲ್ಲದೆ ಜೀಪು ಹತ್ತೋದು ಹೇಗೆ? ಮಾಸ್ತರು ಮಾತ್ರ ಸಹಿಗೆ ಹಿಂದೆ ಮುಂದೆ ನೋಡ್ತಾರೆ, ‘ಮೇಲಿನವರು ಏನಂತಾರೋ’ ಅಂತ.

ಅಕ್ಕೋರು_ನಿವೃತ್ತ

ಮಾಸ್ತರು ಸಮಿತಿಯ ಕಾರ್ಯದರ್ಶಿ, ಅಧ್ಯಕ್ಷರು ನೀವು ಪಾಲಕರು. ಮೊದಲು ಸಭೆ ಕರೆದು ಠರಾವು ಬರೆಸಿ, ಹಾಜರಿದ್ದ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ. ಠರಾವಿನ ಪ್ರಕಾರ ಕಳಿಸಿದ್ದು ಅಂದರೆ ಅವರ ಮೇಲೆ ಮಾತು ಬರೋದಿಲ್ಲ. ಎರಡು ಪ್ರತಿ ಒಯ್ದು, ಒಂದಕ್ಕೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ‘ಇಟ್ಟು ಹೋಗಿ’ ಅಂದರೆ ಇಟ್ಟು ಬರಬೇಡಿ.